ಕಂಬದ ಹಿಂದಿನ ಕಳ್ಳ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಪಾತ್ರಗಳಾಗುತ್ತಾರೆ, ಗೆದ್ದದ್ದೋ ಸೋತದ್ದೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ರಜೆಯಲ್ಲಿ ನಾವು ನಾಲ್ವರು ಆಡಿದೆವು. ನಮ್ಮ ತಂಡವನ್ನು ಮುರಿದದ್ದು ಡ್ರ್ಯಾಗನ್ ಅಲ್ಲ, ಒಂದು ಕಂಬ!

2024ರ ನಿಯಮದಂತೆ, ಶತ್ರುವಿನ ಕಣ್ಣಿಗೆ ಬೀಳದ ಮರೆಯಲ್ಲಿ ದಾಳ ಉರುಳಿಸಿ ಒಟ್ಟು 15 ಬಂದರೆ ನೀವು ‘ಅದೃಶ್ಯ’. ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದರೆ, ದಾಳಿ ಮಾಡಿದರೆ ಅಥವಾ ಶತ್ರು ಪತ್ತೆ ಹಚ್ಚಿದರೆ ಅದು ಮುಗಿಯುತ್ತದೆ. ನನ್ನ ಗೆಳೆಯನ ಕಳ್ಳನಿಗೆ 17 ಬಿತ್ತು. ಕಂಬ ಬಿಟ್ಟವನೇ ಕಾವಲುಗಾರನ ಮೂಗಿನ ಮುಂದೆಯೇ ನಡೆದ.

“ಅವನಿಗೇನು ಕಣ್ಣಿಲ್ವಾ?” ಎಂದೆ, ಕಥೆ ನಡೆಸುತ್ತಿದ್ದ ನಾನು.

“ಹೊರಗೆ ಬಂದರೆ ಕಾಣ್ತಾನೆ ಅಂತ ಪುಸ್ತಕದಲ್ಲಿ ಎಲ್ಲಿದೆ, ತೋರಿಸು” ಎಂದ.

ಒಂದು ಗಂಟೆ ವಾದ. ಅವನು ಎದ್ದು ಹೋದ. ಎರಡು ವಾರ ಮಾತಿಲ್ಲ.

ನನ್ನ ಪ್ರಕಾರ ಅಡಗುವುದು ಅಂಕದ ಲೆಕ್ಕವಲ್ಲ, ನೋಡುವವರ ಕಣ್ಣಿನ ಲೆಕ್ಕ. ಕೊನೆಯ ಬೆಂಚಿನವರಿಗೆ ಇದು ಗೊತ್ತು: ಉಪನ್ಯಾಸಕರು ಬೋರ್ಡಿನ ಕಡೆ ತಿರುಗಿರುವಷ್ಟು ಹೊತ್ತು ಮಾತ್ರ ನಾವು ಅದೃಶ್ಯರು. ಅಡಗಲು ಸಂದರ್ಭ ತಕ್ಕದ್ದೇ ಎಂಬ ತೀರ್ಮಾನವನ್ನು ಅದೇ ಪುಸ್ತಕ ಕಥೆ ನಡೆಸುವವರಿಗೆ ಬಿಟ್ಟಿದೆ.

ಆದರೆ ತಪ್ಪು ನನ್ನದೂ ಇತ್ತು. ದಾಳ ಬಿದ್ದ ಮೇಲೆ ನಾನು ನ್ಯಾಯ ಹೇಳಹೊರಟೆ. ಕಾವಲುಗಾರ ಎತ್ತ ನೋಡುತ್ತಿದ್ದಾನೆಂದು ಮೊದಲೇ ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ. ಆಟವಿರಲಿ, ತರಗತಿಯಿರಲಿ, ನಿಯಮ ಮೊದಲು, ದಾಳ ಆಮೇಲೆ.

ಹೋಗಿ ಅವನ ಬಳಿ ಒಪ್ಪಿಕೊಂಡೆ. ಆಟ ಮತ್ತೆ ಶುರುವಾಗಿದೆ. ಕಂಬವನ್ನು ಮಾತ್ರ ಕೆಡವಿಸಿದ್ದೇನೆ.