ಗುಳಿಗೆಗೆ ಮೊದಲು ರಕ್ತಪರೀಕ್ಷೆ

ಮಲೇರಿಯಾ ದುಡಿಯುವವನನ್ನು ಹುಡುಕಿಕೊಂಡು ಬರುವ ಜ್ವರ. ಕಟ್ಟಡದ ಗುಂಡಿಯಲ್ಲಿ ನಿಂತ ನೀರು, ಸೊಳ್ಳೆಪರದೆಯಿಲ್ಲದ ಗುಡಿಸಲು, ಅದಕ್ಕೆ ಇಷ್ಟೇ ಸಾಕು. 1990ರ ದಶಕದಿಂದ ಬಹುಕಾಲ ಮಂಗಳೂರಿನ ಕಟ್ಟಡ ಕಾರ್ಮಿಕರು ಇದನ್ನು ಚೆನ್ನಾಗಿ ಅನುಭವಿಸಿದ್ದಾರೆ. ಆದರೆ ಆ ಜ್ವರಕ್ಕೆ ಕೊಡುವ ಮದ್ದೇ ಕೆಲವರ ರಕ್ತವನ್ನು ಕೆಡಿಸಬಲ್ಲದೆಂಬ ಸಂಗತಿ ನಮ್ಮ ಜನಕ್ಕೆ ತಿಳಿದಿರುವುದು ಕಡಿಮೆ. ತಿಳಿಸಬೇಕಾದವರು ತಿಳಿಸುವುದೂ ಕಡಿಮೆ.

ಆ ಮದ್ದಿನ ಹೆಸರು ಪ್ರಿಮಾಕ್ವಿನ್. ವೈವಾಕ್ಸ್ ಜಾತಿಯ ಮಲೇರಿಯಾ ರೋಗಾಣು ರಕ್ತದಲ್ಲಿ ಮಾತ್ರವಲ್ಲ, ಯಕೃತ್ತಿನಲ್ಲಿಯೂ ಅಡಗಿ ಕೂರುತ್ತದೆ. 3 ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಅಡಗಿದ್ದನ್ನು ಕೊಲ್ಲಲು 14 ದಿನ ಪ್ರಿಮಾಕ್ವಿನ್ ನುಂಗಬೇಕು. ಇಲ್ಲವಾದರೆ ತಿಂಗಳುಗಳ ನಂತರವೂ ಜ್ವರ ಮರುಕಳಿಸಬಹುದು. ಆದ್ದರಿಂದ ಈ ಗುಳಿಗೆ ನಮ್ಮ ಶತ್ರುವಲ್ಲ; ಹೆದರಿ ಅದನ್ನು ಚರಂಡಿಗೆ ಎಸೆಯುವುದು ವಿವೇಕವೂ ಅಲ್ಲ.

ತೊಂದರೆ ಇರುವುದು ಬೇರೆ ಕಡೆ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವವೊಂದಿದೆ. ಕೆಲವರಿಗೆ ಹುಟ್ಟಿನಿಂದಲೇ ಅದು ಕೊರತೆ. ಈ ಕೊರತೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದು ಬರುತ್ತದೆ. ನಮ್ಮ ದೇಶದ ಕೆಲವು ಆದಿವಾಸಿ ಸಮುದಾಯಗಳಲ್ಲಿ ಹೆಚ್ಚಾಗಿದೆ. ಅಂಥವನು ವರ್ಷಗಟ್ಟಲೆ ಎತ್ತಿನಂತೆ ದುಡಿಯಬಹುದು, ಏನೂ ಗೊತ್ತಾಗದು. ಪ್ರಿಮಾಕ್ವಿನ್ ಶುರುವಾದ ಕೆಲವೇ ದಿನಗಳಲ್ಲಿ ರಕ್ತಕಣಗಳು ಒಡೆಯತೊಡಗುತ್ತವೆ. ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವಿಷಮಿಸಿದರೆ ಮೂತ್ರಪಿಂಡ ಸೋಲುತ್ತದೆ, ರಕ್ತ ಕೊಡಬೇಕಾಗುತ್ತದೆ, ಪ್ರಾಣಕ್ಕೂ ಅಪಾಯ.

ಇದು ನಿನ್ನೆ ಮೊನ್ನೆ ಕಂಡ ಸಂಗತಿಯಲ್ಲ. ಅಮೆರಿಕದ ಇಲಿನಾಯ್ ಸಂಸ್ಥಾನದ ಸ್ಟೇಟ್‌ವಿಲ್ ಸೆರೆಮನೆಯಲ್ಲಿ 1944ರಿಂದ ಕೈದಿಗಳಿಗೆ ಮಲೇರಿಯಾ ಹತ್ತಿಸಿ ಮದ್ದುಗಳನ್ನು ಪರೀಕ್ಷಿಸಿದರು. ಪ್ರಿಮಾಕ್ವಿನ್ ನುಂಗಿದ ಕೆಲವು ಕರಿಯ ಕೈದಿಗಳ ರಕ್ತ ಒಡೆಯಿತು. ಅದರ ಕಾರಣ ಈ ಕಿಣ್ವದ ಕೊರತೆಯೆಂದು 1956ರಲ್ಲಿ ವಿಜ್ಞಾನಿಗಳು ತಿಳಿಸಿದರು. ಬಂಧನದಲ್ಲಿದ್ದವರ ರಕ್ತದಿಂದ ಗಳಿಸಿದ ಈ ಅರಿವು 70 ವರ್ಷ ಹಳೆಯದಾದರೂ, ಪರೀಕ್ಷೆಯಿಲ್ಲದೆ ಗುಳಿಗೆ ಹಂಚುವ ಪದ್ಧತಿ ಇನ್ನೂ ಅಳಿದಿಲ್ಲವೆಂಬುದು ನಾಚಿಕೆಯ ಮಾತು.

ಪರೀಕ್ಷೆಗೆ ಕಾದರೆ ಮಲೇರಿಯಾ ನಿರ್ಮೂಲನ ತಡವಾಗುತ್ತದೆ ಎನ್ನುವವರಿದ್ದಾರೆ. ಈ ವಾದದಲ್ಲಿ ಹುರುಳಿಲ್ಲ. ಕ್ಲೋರೋಕ್ವಿನ್ ಅನ್ನು ಆ ಕ್ಷಣವೇ ಆರಂಭಿಸಬಹುದು. ಬೆರಳಿನ ಒಂದು ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಫಲ ತಿಳಿಸುವ ಜಿ6ಪಿಡಿ ಪರೀಕ್ಷೆಗಳು ಬಂದಿವೆ. ಕೊರತೆಯಿದ್ದವನಿಗೂ ದಾರಿಯಿದೆ: ವೈದ್ಯರ ಕಣ್ಗಾವಲಿನಲ್ಲಿ ವಾರಕ್ಕೊಮ್ಮೆಯಂತೆ 8 ವಾರ ಪ್ರಿಮಾಕ್ವಿನ್ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬೀದಿಬದಿಯ ಅಂಗಡಿಯವನು ಕೂಡ ತಕ್ಕಡಿಗೆ ಹಾಕದೆ ಕಾಲು ಸೇರು ಬೇಳೆ ಕೊಡುವುದಿಲ್ಲ. ಮನುಷ್ಯನ ರಕ್ತಕ್ಕೆ ಅಷ್ಟೂ ಬೆಲೆಯಿಲ್ಲವೆ?

ಪರೀಕ್ಷೆಯ ಹೊರೆಯನ್ನು ರೋಗಿಯ ಜೇಬಿನ ಮೇಲೆ ಹಾಕುವುದೂ ಸಲ್ಲದು. ಜ್ವರದಲ್ಲಿ ಮಲಗಿದವನ ದಿನಗೂಲಿ ಆಗಲೇ ಹೋಗಿದೆ, ಮುಚ್ಚಿದ ಅಂಗಡಿಗೆ ಆಗಲೇ ನಷ್ಟವಾಗಿದೆ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಉಚಿತವಾಗಿ ಸಿಗಬೇಕು. ಗುಳಿಗೆಯ ಜೊತೆಗೆ ಅಪಾಯದ ಲಕ್ಷಣಗಳನ್ನು ಕನ್ನಡದಲ್ಲಿ ಅಚ್ಚುಮಾಡಿದ ಚೀಟಿ ಕೊಡಬೇಕು. ಓದಲು ಬಾರದವರಿಗೆ ಬಾಯಲ್ಲಿ ಹೇಳಬೇಕು.

ಅಲ್ಲಿಯವರೆಗೆ ನಾವು ಮಾಡಬೇಕಾದದ್ದೂ ಇದೆ. ಪ್ರಿಮಾಕ್ವಿನ್ ಕೈಗಿತ್ತಾಗ “ಜಿ6ಪಿಡಿ ನೋಡಿದಿರಾ?” ಎಂದು ಸಂಕೋಚವಿಲ್ಲದೆ ಕೇಳಿರಿ. ಬಸುರಿಯರಿಗೂ ಹಸುಗೂಸುಗಳಿಗೂ ಅದನ್ನು ಕೊಡಬಾರದೆಂಬುದು ನೆನಪಿರಲಿ. ಮೂತ್ರ ಕಪ್ಪಾದರೆ ಗುಳಿಗೆ ನಿಲ್ಲಿಸಿ, ಪಾಳಿಯನ್ನು ಬಿಟ್ಟಾದರೂ ಆ ದಿನವೇ ಆಸ್ಪತ್ರೆಗೆ ಹೋಗಿರಿ. ಕೇಳುವುದು ಉದ್ಧಟತನವಲ್ಲ, ನಮ್ಮ ಹಕ್ಕು.