ನೆನಪಿನ ಬೆಂಗಳೂರು ಮತ್ತು ನಮ್ಮ ಋಣ

“ನಮ್ಮ ಕಾಲದ ಬೆಂಗಳೂರು ಹೀಗಿರಲಿಲ್ಲ” ಎಂಬ ಮಾತನ್ನು ಕೇಳದ ಬೆಂಗಳೂರಿಗರು ವಿರಳ. ಮದುವೆಯ ಪಂಕ್ತಿಯಲ್ಲಿ, ಸಾವಿನ ಮನೆಯ ಜಗಲಿಯಲ್ಲಿ, ವಾಹನಗಳ ದಟ್ಟಣೆಯಲ್ಲಿ ಸಿಲುಕಿ ನಿಂತ ಬಸ್ಸಿನೊಳಗೆ, ಐವತ್ತು ದಾಟಿದ ಇಬ್ಬರು ಒಟ್ಟಿಗೆ ಕುಳಿತರೆ ಸಾಕು, ಈ ವಾಕ್ಯ ಹೊರಬೀಳುತ್ತದೆ. ತಂಪು ಹವೆ, ನೆರಳಿನ ರಸ್ತೆ, ಫ್ಯಾನು ಬೇಡದ ಬೇಸಗೆ ಎಂದು ಪಟ್ಟಿ ಬೆಳೆಯುತ್ತದೆ. ಕಡೆಗೊಂದು ನಿಟ್ಟುಸಿರು. ಈ ನಿಟ್ಟುಸಿರನ್ನು ಮುಪ್ಪಿನ ಲಕ್ಷಣವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಾಗೆಂದು ಅದು ಹೇಳುವುದೆಲ್ಲವನ್ನೂ ಒಪ್ಪಿಕೊಳ್ಳುವುದು ವಿವೇಕವೂ ಅಲ್ಲ. ಅದರಲ್ಲಿ ಸತ್ಯವೆಷ್ಟು, ಮರೆವೆಷ್ಟು ಎಂಬುದನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ತೂಗುವವನಿಗೂ ನೆನಪುಗಳಿವೆಯೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬೆಳೆದದ್ದು ಬಿನ್ನಿಪೇಟೆಯ ಆಸುಪಾಸಿನಲ್ಲಿ, ಬಟ್ಟೆ ಗಿರಣಿಯ ಕಾರ್ಮಿಕರ ಮನೆಗಳ ಸಾಲಿನಲ್ಲಿ. ನಮ್ಮ ಓಣಿಗೆ ಗಿರಣಿಯ ಶಂಖವೇ ಗಡಿಯಾರ. ಅದು ಕೂಗಿದರೆ ತಂದೆಯವರು ಪಾಳಿಗೆ ಹೊರಡುತ್ತಿದ್ದರು; ಮತ್ತೊಮ್ಮೆ ಕೂಗಿದರೆ ತಾಯಿ ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದರು. ಸಾಲಿಗೆಲ್ಲ ಒಂದೇ ನಲ್ಲಿ. ಅಲ್ಲಿ ಕೊಡ ಹಿಡಿದು ನಿಂತ ಹೆಂಗಸರು ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕನ್ನೂ ಬೆರೆಸಿ ಜಗಳವಾಡುತ್ತಿದ್ದರು, ಅದೇ ನಾಲ್ಕು ಭಾಷೆಗಳಲ್ಲಿ ರಾಜಿಯಾಗುತ್ತಿದ್ದರು. ಪಕ್ಕದ ಮನೆಯ ತಮಿಳು ತಾಯಿ ನಮಗೆ ಅಕ್ಕ, ಎದುರು ಮನೆಯ ಹಿರಿಯರು ಭಾಯಿ. ಕ್ರಿಸ್ಮಸ್ ಹಬ್ಬದ ಕಜ್ಜಾಯ ಇಡೀ ಸಾಲಿಗೆ ಹೋಗುತ್ತಿತ್ತು. ರಂಜಾನಿನ ಶಾವಿಗೆ, ಯುಗಾದಿಯ ಒಬ್ಬಟ್ಟು ನಮ್ಮ ಮನೆಗೆ ಬರುತ್ತಿದ್ದವು. ಬಿ.ಟಿ.ಎಸ್. ಬಸ್ಸನ್ನೇರಿ ಮೆಜೆಸ್ಟಿಕ್ಕಿಗೆ ಹೋಗಿ ಕೆಂಪೇಗೌಡ ರಸ್ತೆಯಲ್ಲಿ ರಾಜಕುಮಾರರ ಚಿತ್ರ ನೋಡಿ ಬರುವುದೆಂದರೆ ವರ್ಷಕ್ಕೆ ಎರಡು ಮೂರು ಬಾರಿ ಒದಗುವ ಉತ್ಸವ. ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆ. ಸೆಪ್ಟೆಂಬರ್ 8ರಂದು ಶಿವಾಜಿನಗರದಲ್ಲಿ ಮರಿಯ ಮಾತೆಯ ಹಬ್ಬ. ಆ ತೇರಿನ ಹಿಂದೆ ನಡೆದವರಲ್ಲಿ ಯಾರು ಯಾವ ಮತದವರೆಂದು ಕೇಳಿದವರಿಲ್ಲ.

ಆ ಗಿರಣಿ ಇಂದಿಲ್ಲ. ಅದರ ನೆಲದ ಮೇಲೆ ಮಾಲ್ ಮತ್ತು ಮುಗಿಲೆತ್ತರದ ವಸತಿ ಗೋಪುರಗಳು ನಿಂತಿವೆ. ಕೆಂಪೇಗೌಡ ರಸ್ತೆಯ ಸಾಗರ್, ಸುಬೇದಾರ್ ಛತ್ರಂ ರಸ್ತೆಯ ಕಪಾಲಿ, ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಚಿತ್ರಮಂದಿರಗಳು ಇಲ್ಲವಾಗಿವೆ. ಅದೇ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ತನ್ನ ಹಳೆಯ ಜಾಗವನ್ನು ತೊರೆದು ಚರ್ಚ್ ಸ್ಟ್ರೀಟಿಗೆ ಸರಿಯಿತು. 1961ರಿಂದ ಲಕ್ಷಾಂತರ ಮಣಿಕಟ್ಟುಗಳ ಮೇಲೆ ಬೆಂಗಳೂರಿನ ಹೆಸರನ್ನು ಕೊಂಡೊಯ್ದ ಎಚ್.ಎಂ.ಟಿ. ಗಡಿಯಾರದ ಉದ್ದಿಮೆಗೆ 2016ರಲ್ಲಿ ಬಾಗಿಲು ಬಿತ್ತು. ಇವೆಲ್ಲವೂ ಹೋದವೆಂದು ಮರುಗುವುದು ಮನುಷ್ಯಸಹಜ. ಆದರೆ ಇಲ್ಲಿಯೇ ಒಂದು ಪ್ರಶ್ನೆ ಉದ್ಭವಿಸುತ್ತದೆ: ನಾವು ಮರುಗುತ್ತಿರುವುದು ಊರಿಗಾಗಿಯೋ, ಆ ಊರಿನಲ್ಲಿ ನಾವು ಕಳೆದ ಬಾಲ್ಯಕ್ಕಾಗಿಯೋ?

ಎರಡೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಬೇರ್ಪಡಿಸುವುದು ಕಷ್ಟ. ಬೇರ್ಪಡಿಸಲು ಮೊದಲು ಅಂಕಿಗಳ ನೆರವು ಪಡೆಯೋಣ. 1971ರ ಜನಗಣತಿಯಲ್ಲಿ ಬೆಂಗಳೂರು ನಗರ ಸಮೂಹದ ಜನಸಂಖ್ಯೆ ಸುಮಾರು 16.5 ಲಕ್ಷ; 1981ರಲ್ಲಿ ಅದು 29 ಲಕ್ಷ. ಅಂದರೆ ನಾವು “ಹಳೆಯ, ಶಾಂತ ಬೆಂಗಳೂರು” ಎಂದು ಕೊಂಡಾಡುವ ಆ ದಶಕದಲ್ಲಿಯೇ ನಗರ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಹಿಗ್ಗಿತು. ಎಲೆಕ್ಟ್ರಾನಿಕ್ ಸಿಟಿಗೆ ನೆಲೆ ಸಿದ್ಧವಾದದ್ದು 1978ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಾಲಿಟ್ಟದ್ದು 1985ರಲ್ಲಿ. 2011ರಲ್ಲಿ ಪಾಲಿಕೆಯ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷವನ್ನು ಮೀರಿತ್ತು. ಆ ಬೆಳವಣಿಗೆಯ ಬೀಜ ನಮ್ಮ ಬಾಲ್ಯದಲ್ಲಿಯೇ ಬಿತ್ತನೆಯಾಗಿತ್ತು. ನಾವು ಗೋಲಿಯಾಡುತ್ತಿದ್ದಾಗ ನಮ್ಮ ಹಿರಿಯರೂ ಜಗಲಿಯ ಮೇಲೆ ಕುಳಿತು “ಊರು ಕೆಟ್ಟುಹೋಯಿತು” ಎನ್ನುತ್ತಿದ್ದರೆಂಬುದು ನನಗೆ ಚೆನ್ನಾಗಿ ನೆನಪಿದೆ.

ನೆನಪು ಆಯ್ದುಕೊಳ್ಳುತ್ತದೆ. ಅದು ಉಳಿಸಿಕೊಳ್ಳುವುದನ್ನು ನೋಡಿದಂತೆಯೇ ಬಿಟ್ಟುಬಿಡುವುದನ್ನೂ ನೋಡಬೇಕು. 1898ರ ಪ್ಲೇಗಿನ ಭೀತಿಯ ದಿನಗಳಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳ ಅಚ್ಚುಕಟ್ಟಾದ ಬೀದಿಗಳನ್ನು ನಾವು ಹೊಗಳುತ್ತೇವೆ. ಹಳೆಯ ಬಡಾವಣೆಗಳ ಮನೆಗಳ ಹಿಂಬದಿಯಲ್ಲಿ ಕಿರುಗಲ್ಲಿಗಳು ಇದ್ದುದೇಕೆ? ಮುಂಬಾಗಿಲಿಗೆ ಬರಬಾರದ ಮನುಷ್ಯರು ಹಿಂಬಾಗಿಲಿನಿಂದ ಬಂದು ಮಲವನ್ನು ಹೊತ್ತೊಯ್ಯಲೆಂದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಎಪ್ಪತ್ತರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಗಟ್ಟಿ ನಿಲುವು ತಳೆಯಬೇಕಾಯಿತು. ಸಂಸತ್ತು ಅದರ ವಿರುದ್ಧ ಕಾನೂನು ಮಾಡಿದ್ದು 1993ರಲ್ಲಿ. ಆ ಗಲ್ಲಿಯಲ್ಲಿ ನಡೆದವರ ಮಕ್ಕಳನ್ನು ಕರೆದು “ಹಳೆಯ ಬೆಂಗಳೂರು ಎಷ್ಟು ಚೆನ್ನಾಗಿತ್ತಲ್ಲವೇ?” ಎಂದು ಕೇಳುವ ಧೈರ್ಯ ನಮಗಿದೆಯೇ? ನಮ್ಮ ಸಾಲಿನ ಒಂಟಿ ನಲ್ಲಿಯ ಕುರಿತು ನಾನು ಪ್ರೀತಿಯಿಂದ ಬರೆಯಬಲ್ಲೆ, ಏಕೆಂದರೆ ಬೆಳಗಿನ ಜಾವ ಎದ್ದು ಅಲ್ಲಿ ಕೊಡ ಹಿಡಿದು ನಿಂತವನು ನಾನಲ್ಲ, ನನ್ನ ತಾಯಿ.

ಎರಡನೆಯ ಮರೆವು ಇನ್ನೂ ಅಪಾಯಕಾರಿ. “ಹೊರಗಿನವರು ಬಂದರು, ಊರು ಹಾಳಾಯಿತು” ಎಂಬ ಮಾತು ನಿಟ್ಟುಸಿರಿನ ಬೆನ್ನ ಹಿಂದೆಯೇ ಬರುತ್ತದೆ. ಬೆಂಗಳೂರಿನಲ್ಲಿ ಒಳಗಿನವರು ಯಾರು? 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿ ಪೇಟೆಗಳನ್ನು ನೆಲೆಗೊಳಿಸಿದಾಗ ನೇಕಾರರು, ವರ್ತಕರು, ಕುಶಲಕರ್ಮಿಗಳು ಬೇರೆ ಬೇರೆ ಊರುಗಳಿಂದ ಬಂದರು. 1809ರಲ್ಲಿ ದಂಡುಪ್ರದೇಶ ಸ್ಥಾಪನೆಯಾದಾಗ ತಮಿಳು ಸೀಮೆಯಿಂದ ಜನ ಬಂದರು. ಗಿರಣಿಗಳಿಗೆ, ಆ ಬಳಿಕ ಸಾರ್ವಜನಿಕ ಉದ್ದಿಮೆಗಳಿಗೆ, ಈಗ ಗಣಕ ಸಂಸ್ಥೆಗಳಿಗೆ ಹೀಗೆಯೇ ಜನ ಬಂದಿದ್ದಾರೆ. ನಾವು ಹೆಮ್ಮೆಪಡುವ ಮರಗಳನ್ನಾದರೂ ನೋಡಿ. ಒಂದರ ಹಿಂದೊಂದು ಹೂಬಿಡುವಂತೆ ರಸ್ತೆಬದಿಗೆ ಮರಗಳನ್ನು ಆಯ್ದು ನೆಡಿಸಿದ ಗುಸ್ಟಾವ್ ಕ್ರುಂಬೀಗಲ್ ಜರ್ಮನಿಯವರು. 1956ರಲ್ಲಿ ಇದೇ ಊರಿನಲ್ಲಿ ಕಣ್ಣು ಮುಚ್ಚಿದರು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು, ಮಳೆಮರವೂ ಅದೇ ಖಂಡದ ಕಡೆಯದು. ನೆರಳು ಕೊಟ್ಟ ಮೇಲೆ ಯಾರೂ ಅವುಗಳ ಹುಟ್ಟೂರನ್ನು ಕೇಳಲಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಬೇರೆ ಅಳತೆಗೋಲು ಏಕೆ?

ಹಾಗಾದರೆ ಇಷ್ಟೆಲ್ಲ ಬದಲಾದ ಊರನ್ನು ಅದೇ ಊರು ಎನ್ನುವುದು ಹೇಗೆ? ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ “ಪಾಲಿಟಿಕ್ಸ್” ಗ್ರಂಥದ ಮೂರನೆಯ ಭಾಗದಲ್ಲಿ ಇದೇ ಪ್ರಶ್ನೆಯನ್ನು ಕಂಡಿದ್ದೆ. ಗೋಡೆ ಅದೇ ಇದ್ದರೆ ನಗರ ಅದೇ ಎನ್ನಬಹುದೇ? ಹರಿಯುವ ನದಿಯಂತೆ ಜನ ಹುಟ್ಟಿ ಸಾಯುತ್ತಿದ್ದರೂ ಒಂದೇ ಕುಲದವರು ವಾಸಿಸುತ್ತಿರುವವರೆಗೆ ನಗರ ಅದೇ ಎನ್ನಬಹುದೇ? ಗೋಡೆಯಾಗಲಿ ಕುಲವಾಗಲಿ ಸಾಲದೆಂಬುದು ಅವನ ಅಭಿಪ್ರಾಯ. ಒಂದೇ ಸ್ವರಗಳು ಬೇರೆ ಕ್ರಮದಲ್ಲಿ ಕೂಡಿದರೆ ಬೇರೆಯೇ ಗಾನವಾಗುವಂತೆ, ನಗರದ ಗುರುತು ಇರುವುದು ಅದರ ಪ್ರಜೆಗಳು ಕೂಡಿ ಬಾಳಲು ಮಾಡಿಕೊಂಡ ವ್ಯವಸ್ಥೆಯಲ್ಲಿ ಎಂದು ಅವನು ವಾದಿಸುತ್ತಾನೆ. ಈ ಮಾತನ್ನು ನಮ್ಮ ಊರಿಗೆ ಹೊಂದಿಸಿಕೊಂಡರೆ ನಮ್ಮ ದುಃಖಕ್ಕೊಂದು ಅಳತೆ ದೊರೆಯುತ್ತದೆ. ಚಿತ್ರಮಂದಿರ ಹೋದರೆ ಒಂದು ಗೋಡೆ ಹೋಯಿತು. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಸೇರಿ ಕಾಯುವ ಪದ್ಧತಿ ಹೋದರೆ ಊರೇ ಹೋದಂತೆ.

ಅಂಥ ನಷ್ಟವೊಂದು ನಿಜವಾಗಿಯೂ ಆಗಿದೆ. ಅದು ಕೆರೆಗಳ ನಷ್ಟ. ದೊಡ್ಡ ನದಿಯಿಲ್ಲದ ಈ ಎತ್ತರದ ನೆಲದಲ್ಲಿ ಪೂರ್ವಿಕರು ಇಳಿಜಾರನ್ನು ಅರಿತು, ಏರಿ ಕಟ್ಟಿ, ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುವಂತೆ ರಾಜಕಾಲುವೆಗಳನ್ನು ತೋಡಿದರು. ಹೂಳೆತ್ತುವುದು, ನೀರುಗಂಟಿಯನ್ನು ನೇಮಿಸುವುದು, ಪಾಲು ಹಂಚುವುದು ಇವೆಲ್ಲ ಊರಿನ ಕೆಲಸವಾಗಿದ್ದವು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆಯ ಮೂಲಕ ನೀರು ಬಂದಿತು. ಆ ನೀರು ಬರಲೇಬೇಕಿತ್ತು. ನನ್ನ ತಾಯಿಯಂಥ ಸಾವಿರಾರು ತಾಯಂದಿರ ತೋಳಿನ ಭಾರ ಇಳಿದದ್ದು ಅದರಿಂದಲೇ. ಆದರೆ ನೀರು ದೂರದಿಂದ ಬಂದಾಗ ಹತ್ತಿರದ ಕೆರೆ ಯಾರಿಗೂ ಬೇಡವಾಯಿತು. ಬೇಡವಾದ ಕೆರೆ ಬರಿಯ ನಿವೇಶನವಾಗಿ ಕಂಡಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಳ್ಳಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ಎದ್ದಿತು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಧರ್ಮಾಂಬುಧಿಯನ್ನು ಮುಚ್ಚಿದವರು ಮೊನ್ನೆ ರೈಲಿಳಿದು ಬಂದ ಗಣಕ ತಂತ್ರಜ್ಞರಲ್ಲ. ಸಂಪಂಗಿ ಕೆರೆ ಬತ್ತಿದ್ದು ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಕಟ್ಟಡ ಕೂಲಿಗಳಿಂದಲ್ಲ. ನಾವು ನಿಟ್ಟುಸಿರಿಟ್ಟು ಸ್ಮರಿಸುವ ಆ “ಒಳ್ಳೆಯ ಕಾಲ”ದಲ್ಲಿಯೇ, ನಮ್ಮ ಹಿರಿಯರು ಮತ್ತು ನಾವು ನೋಡುತ್ತಿದ್ದಂತೆಯೇ ಇವು ನಡೆದುಹೋದವು. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದಾಗ ಜಗತ್ತು ನಕ್ಕಿತು. 2022ರ ಮಳೆಗಾಲದಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು ಮರಳಿ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ನೀರು ಹರಿಯತೊಡಗಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ನೀರು. ಮಳೆಗಾಲದಲ್ಲಿ ಮುಳುಗುವ ಊರು ಬೇಸಗೆಯಲ್ಲಿ ಬಾಯಾರುವುದು ವಿಧಿಯ ಆಟವೇನೂ ಅಲ್ಲ. ನೀರು ನಿಲ್ಲುವ ತಾಣವನ್ನೂ ಹರಿಯುವ ದಾರಿಯನ್ನೂ ನಾವು ಕಳೆದದ್ದರಿಂದ ಎರಡು ಕಷ್ಟಗಳೂ ಒಟ್ಟಿಗೆ ಬಂದಿವೆ.

ಆದ್ದರಿಂದ ನನ್ನ ನಿವೇದನೆ ಇಷ್ಟು: ನೆನಪನ್ನು ಊರಿನ ಹಕ್ಕುಪತ್ರವೆಂದು ಹಿಡಿದು ಹೊಸಬರ ಮುಂದೆ ಬೀಸುವುದು ಬೇಡ. ಅದು ನಮ್ಮ ಕೈಯಲ್ಲಿರುವ ಸಾಲದ ಪತ್ರ. ಈ ಊರಿನ ನೆರಳು, ನೀರು, ನೆರೆಹೊರೆಗಳನ್ನು ಉಂಡು ಬೆಳೆದವರು ನಾವು, ತೀರಿಸಬೇಕಾದವರೂ ನಾವೇ. ತೀರಿಸುವ ದಾರಿ ಇಲ್ಲದಿಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು 2009ರ ಸುಮಾರಿಗೆ ಪಾಲಿಕೆಯೊಡನೆ ಕೈಜೋಡಿಸಿ ಬದುಕಿಸತೊಡಗಿದವರಲ್ಲಿ ಸುತ್ತಲಿನ ಅಪಾರ್ಟ್‌ಮೆಂಟುಗಳ ಹೊಸ ನಿವಾಸಿಗಳೂ ಇದ್ದರು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಕಾಯುತ್ತಿರುವುದು ನೆರೆಹೊರೆಯ ನಾಗರಿಕರ ಒಂದು ಗುಂಪು. ಯಾವ ನೆನಪಿನ ಹಂಗೂ ಇಲ್ಲದೆ ಋಣ ತೀರಿಸುತ್ತಿರುವ ಇಂಥವರಿಗಿಂತ ಹೆಚ್ಚು ಬೆಂಗಳೂರಿಗರೆಂದು ನಾವು ಹೇಳಿಕೊಳ್ಳುವುದು ಯಾವ ಬಾಯಿಂದ?

ನೆನಪಿದ್ದವರು ಕೊಡಬಹುದಾದದ್ದು ಬೇರೆಯೇ ಇದೆ. ಕಂಠೀರವ ಕ್ರೀಡಾಂಗಣದ ಪಕ್ಕದಲ್ಲಿ ಸಂಪಂಗಿ ಕೆರೆಯ ಅವಶೇಷವಾಗಿ ಒಂದು ಪುಟ್ಟ ಹೊಂಡ ಉಳಿದಿದೆ. ಅದು ಉಳಿದುಕೊಳ್ಳಲು ಕರಗದ ವಿಧಿಗಳಲ್ಲಿ ಅದಕ್ಕೊಂದು ಸ್ಥಾನವಿರುವುದು ಬಹುಮಟ್ಟಿಗೆ ಕಾರಣ. ಕೆರೆಗಳ ನೀರಿನಿಂದ ತೋಟ ಮಾಡಿದ ತಿಗಳ ಸಮುದಾಯ ತನ್ನ ನೆನಪನ್ನು ನಡೆದು ತೋರಿಸುತ್ತದೆ. ಆ ನಡಿಗೆ ಕಾಟನ್‌ಪೇಟೆಯ ಮಸ್ತಾನ್ ದರ್ಗಾದ ಮುಂದೆಯೂ ನಿಂತು ಗೌರವ ಸಲ್ಲಿಸುತ್ತದೆ. ನಾವೂ ಹಾಗೆಯೇ ಮಾಡೋಣ. ನಮ್ಮ ಬಡಾವಣೆಯಲ್ಲಿ ಕಾಲುವೆ ಎಲ್ಲಿ ಹರಿಯುತ್ತಿತ್ತು, ಬಾವಿ ಎಲ್ಲಿತ್ತು, ಗುಂಡುತೋಪು ಯಾವ ಮೂಲೆಯಲ್ಲಿತ್ತು ಎಂಬುದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕರೆದುಕೊಂಡು ಹೋಗಿ, ಮಕ್ಕಳಿಗೂ ಹೊಸ ನೆರೆಯವರಿಗೂ ಆ ಜಾಗಗಳನ್ನು ತೋರಿಸೋಣ, ಬರೆದಿಡೋಣ, ವಾರ್ಡಿನ ಸಭೆಯಲ್ಲಿ ಹೇಳೋಣ. ಹೊಸಬರಿಗೆ ಕನ್ನಡ ಬಾರದೆಂದು ಗದರುವ ಬದಲು, ನಲ್ಲಿಯ ಬಳಿ ನಮ್ಮ ತಾಯಂದಿರು ಒಬ್ಬರಿಗೊಬ್ಬರು ಭಾಷೆ ಕಲಿಸಿದಂತೆ ಕಲಿಸೋಣ. ಹೊಸದಾಗಿ ಬಂದವರೂ ತಾವು ನಿಂತ ನೆಲ ಮೊದಲು ಏನಾಗಿತ್ತೆಂದು ಒಮ್ಮೆ ಕೇಳಿ ತಿಳಿಯಲಿ.

1949ರಲ್ಲಿ ಪೇಟೆ ಮತ್ತು ದಂಡು ಒಂದಾಗಿ ನಗರಪಾಲಿಕೆಯಾಯಿತು. ಸೆಪ್ಟೆಂಬರ್ 2025ರಲ್ಲಿ ಬೃಹತ್ ಪಾಲಿಕೆಯ ಜಾಗಕ್ಕೆ ಐದು ನಗರಪಾಲಿಕೆಗಳು ಬಂದವು. ಗಡಿಗಳು ಇನ್ನೂ ಬದಲಾಗಬಹುದು. ಇಂದು ಹತ್ತನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು ಮೆಟ್ರೋ ರೈಲನ್ನು ನೋಡುತ್ತಿರುವ ಮಗುವಿಗೂ ಐವತ್ತು ದಾಟುವ ಕಾಲ ಬರುತ್ತದೆ, ಅದೂ ಇಂದಿನ ಬೆಂಗಳೂರನ್ನು ನೆನೆಯುತ್ತದೆ. ಆ ನೆನಪಿನಲ್ಲಿ ಒಂದು ತುಂಬಿದ ಕೆರೆ ಇರಬೇಕೋ, ಟ್ಯಾಂಕರಿನ ಹಾರ್ನು ಮಾತ್ರ ಇರಬೇಕೋ ಎಂಬ ತೀರ್ಮಾನ ಈಗ ನಮ್ಮ ಕೈಯಲ್ಲಿದೆ.