ದುಪ್ಪಟ್ಟು ಬಾಡಿಗೆ ಯಾರ ತಾಟಿನಿಂದ ಬರ್ತದೆ?

ನೇರವಾಗಿ ಹೇಳಿಬಿಡ್ತೀನಿ. ಮುಧೋಳದ ನಮ್ಮ ಕಾಲೊನಿ ಕ್ಲಬ್ಬಿನ ಬಾರು ಮತ್ತು ಅಡುಗೆಮನೆಯನ್ನು ಬಾಡಿಗೆಗೆ ಹಿಡಿದು ನಡೆಸುತ್ತಿರುವ ಗಂಡ-ಹೆಂಡತಿಯನ್ನು ಎಬ್ಬಿಸಬೇಕು ಅಂತ ಕಮಿಟಿ ಹೊರಟಿದೆ. ನಾನು ಬಾಡಿಗೆದಾರರ ಪರ. ಬೆಂಗಳೂರು, ಪುಣೆಯಲ್ಲಿ ನೌಕರಿ ಮಾಡ್ತಾ ವರ್ಷಕ್ಕೊಮ್ಮೆ ಚಂದಾ ಕಟ್ಟಿ ಸುಮ್ಮನಿರುವ ನನ್ನ ವಾರಗೆಯ ಸದಸ್ಯರು ಈ ಸಲದ ವಾರ್ಷಿಕ ಸಭೆಗೆ ಊರಿಗೆ ಬಂದು ಕೈ ಎತ್ತಲಿ ಅನ್ನೋದಕ್ಕೇ ಇದನ್ನು ಬರೀತಿದ್ದೀನಿ. ನೀವು ಮುಧೋಳದವರಲ್ಲದಿದ್ದರೂ ಓದಿ. ನಿಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಕೆಫೆ ಇಟ್ಟವರ ಕಥೆ, ಗೇಟಿನ ಪಕ್ಕ ಇಸ್ತ್ರಿ ಅಂಗಡಿ ಹಾಕಿದವರ ಕಥೆ ಇದಕ್ಕಿಂತ ಬೇರೆ ಇರಲಿಕ್ಕಿಲ್ಲ.

ಕಮಿಟಿಯ ವಾದ ಬಹಳ ಸರಳ. "ಆರು ವರ್ಷ ಆತು, ಚಲೋ ಗಳಿಸ್ಯಾರ. ಹೊಸಾ ಟೆಂಡರ್ ಕರದ್ರ ದುಪ್ಪಟ್ಟು ಬಾಡಿಗಿ ಬರ್ತೈತಿ, ಯಾಕ್ ಬಿಡಬೇಕ್ರಿ?" ಸರಿ, ದುಪ್ಪಟ್ಟು ಬರಬಹುದು. ಆದರೆ ಆರು ವರ್ಷದ ಹಿಂದೆ ಆ ಜಾಗಕ್ಕೆ ಟೆಂಡರ್ ಕರೆದಿದ್ದರೆ ಯಾರು ಬರ್ತಿದ್ದರು? ಎರಡು ಇಸ್ಪೀಟು ಟೇಬಲ್ಲು, ಸೋರುವ ತಗಡು, ಧೂಳು ಹಿಡಿದ ಕೌಂಟರು. ಒಲೆ, ಫ್ರಿಜ್ಜು, ಕುರ್ಚಿ ಎಲ್ಲ ಅವರ ರೊಕ್ಕದಲ್ಲೇ ಬಂದವು. ಕಬ್ಬು ನುರಿಸುವ ಹಂಗಾಮಿನಲ್ಲಿ ಗಿರಾಕಿ ಇರ್ತಾರೆ, ಮಳೆಗಾಲದಲ್ಲಿ ಖಾಲಿ ಕುರ್ಚಿ ನೋಡ್ತಾ ಕೂತಿರಬೇಕು. ಆ ಖಾಲಿ ತಿಂಗಳಲ್ಲೂ ಬಾಡಿಗೆ ಕಟ್ಟಿದವರು ಅವರು. ಅಕ್ಕನ ಕೈಯ ಮಟನ್ ಸಾರಿಗಾಗಿ ಈಗ ಭಾನುವಾರ ಗುಟುಕೂ ಕುಡಿಯದ ಮನೆಯವರೂ ಡಬ್ಬಿ ಹಿಡಿದು ಬರ್ತಾರೆ. ಜಾಗದ ಬೆಲೆ ಹೆಚ್ಚಿಸಿದ್ದು ಅವರ ದುಡಿಮೆ. ಅವರೇ ಹೆಚ್ಚಿಸಿದ ಬೆಲೆಯನ್ನು ತೋರಿಸಿ ಅವರನ್ನೇ ಹೊರಗೆ ಹಾಕ್ತೀವಿ ಅಂದರೆ, ಉತ್ತಿ ಬಿತ್ತಿದವನನ್ನು ಕಳಿಸಿ ಸುಗ್ಗಿಗೆ ನಾವು ಕುಡುಗೋಲು ಹಿಡಿದ ಹಾಗಾಯ್ತು.

ಕಾನೂನು ಅವರ ಪರ ಇದೆಯೇ? ಹೆಚ್ಚುಕಡಿಮೆ ಇಲ್ಲ. ಅವರ ಕೈಯಲ್ಲಿರೋದು 11 ತಿಂಗಳ ಕರಾರು ಪತ್ರ. ಗುತ್ತಿಗೆ ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು. ಆ ತಾಪತ್ರಯ ಬೇಡ ಅಂತಲೇ ದೇಶದ ತುಂಬ ಈ 11ರ ಲೆಕ್ಕ. ಕರ್ನಾಟಕ ಬಾಡಿಗೆ ಕಾಯ್ದೆ, 1999 ವ್ಯಾಪಾರದ ಜಾಗಗಳ ಪೈಕಿ 14 ಚದರ ಮೀಟರ್ ಒಳಗಿನ ಪುಟ್ಟ ಅಂಗಡಿಗಳಿಗಷ್ಟೇ ಆಸರೆ. ಅದಕ್ಕಿಂತ ದೊಡ್ಡ ಜಾಗ ಹಿಡಿದವರಿಗೆ ಉಳಿಯೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ ಪ್ರಕಾರ ತಿಂಗಳ ಬಾಡಿಗೆಯವರನ್ನು ಬಿಡಿಸೋಕೆ 15 ದಿನದ ನೋಟೀಸು ಸಾಕು. ಆರು ವರ್ಷದ ದುಡಿಮೆಗೆ 15 ದಿನ!

ಬಾರು ಅಂದಮೇಲೆ ಇನ್ನೊಂದು ಗಂಟೂ ಇದೆ. ಕ್ಲಬ್ಬುಗಳಿಗೆ ಅಬಕಾರಿ ಇಲಾಖೆ ಕೊಡೋದು ಸಿಎಲ್-4 ಲೈಸನ್ಸು. ಅದು ಕ್ಲಬ್ಬಿನ ಹೆಸರಿನಲ್ಲಿರ್ತದೆ, ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡುವ ಹಾಗಿಲ್ಲ. ಹಾಗಾಗಿ ಕಾಗದದ ಮೇಲೆ ಇವರು ಬರೀ 'ಕ್ಯಾಂಟೀನ್ ಬಾಡಿಗೆದಾರರು'. ಕೌಂಟರಿನ ಹಿಂದೆ ನಿಂತು ಸರಕಿನ ಲೆಕ್ಕ ಬರೆಯೋದು, ಕುಡಿದು ಕೂಗಾಡುವವರನ್ನು ಸಮಾಧಾನ ಮಾಡಿ ಮನೆಗೆ ಕಳಿಸೋದು, ತಪಾಸಣೆಗೆ ಬಂದವರಿಗೆ ಉತ್ತರ ಕೊಡೋದು ಇವರು. ಆದರೆ ಬಾರಿನಲ್ಲಿ ಇವರಿಗೆ ಏನು ಹಕ್ಕು ಅಂತ ಕೇಳಿದರೆ ಒಂದು ಸಾಲೂ ಬರೆದಿಲ್ಲ. ಇಂಥ ಅರೆಬರೆ ವ್ಯವಸ್ಥೆ ಮಾಡಿದ್ದು ಕಮಿಟಿ. ಈಗ ಅದನ್ನೇ ಹಿಡಿದು "ನಿಮ್ಮ ಹೆಸರು ಎಲ್ಲೈತಿ ತೋರಸ್ರಿ" ಅಂತ ಕೇಳೋದೂ ಕಮಿಟಿಯೇ.

ಇನ್ನು ಲೆಕ್ಕಕ್ಕೆ ಬರೋಣ. ರಾಜ್ಯದಲ್ಲಿ ಮದ್ಯದ ಸಗಟು ಮಾರಾಟ 2003ರಿಂದ ಸರ್ಕಾರಿ ಪಾನೀಯ ನಿಗಮದ ಕೈಯಲ್ಲಿದೆ. ಖರೀದಿ ದರದಲ್ಲಿ ಚೌಕಾಸಿ ನಡೆಯೋದಿಲ್ಲ. ಲೈಸನ್ಸಿನ ಶುಲ್ಕವೂ ಬಿಡೋದಿಲ್ಲ. ಹಾಗಾದರೆ ಹೊಸಬ ದುಪ್ಪಟ್ಟು ಬಾಡಿಗೆಯನ್ನು ಎಲ್ಲಿಂದ ತರ್ತಾನೆ? ಕರಿದ ಎಣ್ಣೆಯಲ್ಲೇ ಮತ್ತೆ ಕರೀತಾನೆ. ಶೇಂಗಾ ಮಸಾಲೆಯ ತಟ್ಟೆ ಸಣ್ಣದಾಗ್ತದೆ. ಟೇಬಲ್ ಒರೆಸುವ ಹುಡುಗನ ಪಗಾರ ಕಡಿತ ಆಗ್ತದೆ. ಮತ್ತು ಮೂರನೇ ಪೆಗ್ಗಿಗೆ "ಸಾಕ್ರಿ ಕಾಕಾ, ಮನಿಗೆ ಹೋಗ್ರಿ" ಅನ್ನುವ ಮನುಷ್ಯನ ಬದಲು ಐದನೇದನ್ನೂ ನಗ್ತಾ ಸುರಿಯುವವನು ಬಂದು ನಿಲ್ತಾನೆ. ಯಾಕಂದರೆ ಅವನಿಗೆ ಬಾಡಿಗೆ ಹುಟ್ಟಬೇಕು.

"ಕಾಲೊನಿಯೊಳಗ ಬಾರ್ ಯಾಕ ಬೇಕು?" ಅಂತ ಕೇಳುವವರ ಜತೆ, ಅದರಲ್ಲೂ ಹೆಣ್ಣುಮಕ್ಕಳ ಜತೆ, ನನಗೆ ಜಗಳ ಇಲ್ಲ. ಕಬ್ಬಿನ ಬಿಲ್ಲಿನ ರೊಕ್ಕ ಬಾಟಲಿಗೆ ಹೋದ ಮನೆಗಳನ್ನು ನಮ್ಮ ಭಾಗದವರು ಬೇಕಾದಷ್ಟು ನೋಡಿದ್ದಾರೆ. ಅಂಥವರು ಸಭೆಯಲ್ಲಿ ಬಾರ್ ಮುಚ್ಚುವ ಠರಾವು ತರಲಿ. ಬಾಡಿಗೆದಾರರಿಗೆ ಸಾಕಷ್ಟು ಕಾಲಾವಕಾಶ ಕೊಟ್ಟು, ಡಿಪಾಜಿಟ್ಟು ಹಿಂದಿರುಗಿಸಿ ಮುಚ್ಚಲಿ. ಅದು ನ್ಯಾಯ. ನನ್ನ ತಕರಾರು ಇರೋದು ಬಾರೂ ಬೇಕು, ಬಾಡಿಗೆಯೂ ಬೇಕು, ಆದರೆ ನಡೆಸುವವರಿಗೆ ಮಾತ್ರ "ಹೆಂಡ ಮಾರೋ ಮಂದಿ" ಅನ್ನುವವರ ಮೇಲೆ. ಕಬ್ಬಿನ ಕಾಕಂಬಿಯಿಂದಲೇ ಸ್ಪಿರಿಟ್ಟು ಆಗೋದು. ಕಬ್ಬಿನ ಮೇಲೆ ಬದುಕಿರುವ ಊರಿನಲ್ಲಿ ಕೂತು ಗ್ಲಾಸು ತೊಳೆಯುವವರೊಬ್ಬರನ್ನೇ ಮೈಲಿಗೆ ಅನ್ನೋದು ಯಾವ ಸೀಮೆಯ ಮಡಿ? ಹೀಗೆ ಮೈಲಿಗೆ ಅನ್ನುವವರಲ್ಲಿ ಕೆಲವರ ಹೆಸರು ಅದೇ ಬಾರಿನ ಉದ್ರಿ ವಹಿಯಲ್ಲಿವೆ. ಮೊದಲು ಆ ಬಾಕಿ ತೀರಿಸಲಿ, ಆಮೇಲೆ ನೀತಿ ಮಾತಾಡೋಣ.

"ಇವೆಲ್ಲ ಭಾವನೆಯ ಮಾತು, ವ್ಯವಹಾರದಲ್ಲಿ ನಡೆಯಲ್ಲ" ಅನ್ನುವ ಎಂಬಿಎ ಗೆಳೆಯರಿಗೆ ಬೆಂಗಳೂರಿನದೇ ಉದಾಹರಣೆ ಕೊಡ್ತೀನಿ. 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳಕೊಂಡ ನೌಕರರೇ ಸಹಕಾರ ಸಂಘ ಕಟ್ಟಿ ಇಂಡಿಯನ್ ಕಾಫಿ ಹೌಸ್ ನಡೆಸಿದರು. ಎಂ.ಜಿ. ರಸ್ತೆಯ ಬಾಡಿಗೆ ಕಟ್ಟಡವನ್ನು 2009ರಲ್ಲಿ ಬಿಡಬೇಕಾಯ್ತು. ಅವರು ಚರ್ಚ್ ಸ್ಟ್ರೀಟಿಗೆ ಹೋದರು, ಗಿರಾಕಿಗಳು ಅವರ ಹಿಂದೆಯೇ ಹೋದರು. ಜನ ಹುಡುಕಿಕೊಂಡು ಹೋಗಿದ್ದು ಕಟ್ಟಡವನ್ನಲ್ಲ.

ಪಬ್ಬು ಹುಟ್ಟಿದ ನಾಡಿಗೇ ಹೋಗಿ ನೋಡಿ. ಬಿಯರನ್ನು ನಮ್ಮಿಂದಲೇ ಕೊಳ್ಳಬೇಕು ಅಂತ ಕರಾರು ಹಾಕುವ ದೊಡ್ಡ ಕಂಪನಿಗಳಿಂದ ಪಬ್ ಬಾಡಿಗೆದಾರರನ್ನು ಕಾಪಾಡೋಕೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2016ರಲ್ಲಿ ಒಂದು ಸಂಹಿತೆಯೇ ಜಾರಿಗೆ ಬಂತು. ಇಂಗ್ಲೆಂಡಿನ 2011ರ ಸ್ಥಳೀಯತಾ ಕಾಯ್ದೆ ಪ್ರಕಾರ ಊರವರು ತಮ್ಮ ಪಬ್ಬನ್ನು ಸಮುದಾಯದ ಆಸ್ತಿ ಅಂತ ಪಟ್ಟಿಗೆ ಸೇರಿಸಿದ್ದರೆ, ಕೊಳ್ಳಲು ದುಡ್ಡು ಹೊಂದಿಸಿಕೊಳ್ಳೋಕೆ 6 ತಿಂಗಳ ತನಕ ಮಾರಾಟವನ್ನು ತಡೆಯಬಹುದು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯವರಂತೂ ಆ ಕಾಯ್ದೆಗೂ ಮುಂಚೆ, 2003ರಲ್ಲೇ, ಸಹಕಾರ ಸಂಘ ಮಾಡಿಕೊಂಡು ತಮ್ಮ 'ಓಲ್ಡ್ ಕ್ರೌನ್' ಪಬ್ಬನ್ನು ಕೊಂಡರು. ಸಹಕಾರಿ ಬ್ಯಾಂಕು, ಸಹಕಾರಿ ಸೊಸೈಟಿಗಳ ನಡುವೆ ಬೆಳೆದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ನಾನು ಕೇಳ್ತಿರೋದು ದಾನ ಅಲ್ಲ. ಅಡುಗೆಮನೆ ಮತ್ತು ಊಟದ ಹಾಲಿಗೆ ಐದು ವರ್ಷದ ನೋಂದಾಯಿತ ಗುತ್ತಿಗೆ ಕೊಡಿ. ಬಾಡಿಗೆ ಪ್ರತಿವರ್ಷ ಎಷ್ಟು ಏರ್ತದೆ ಅನ್ನೋದನ್ನು ಮೊದಲೇ ಬರೆಯಿರಿ. ಲೈಸನ್ಸು ಕ್ಲಬ್ಬಿನ ಹೆಸರಲ್ಲೇ ಇರಲಿ, ಬಾರಿನ ಲೆಕ್ಕವನ್ನೂ ಕ್ಲಬ್ಬೇ ಹೊರಲಿ. ಅಲ್ಲಿ ಅವರ ದುಡಿಮೆಗೆ ನೇಮಕಾತಿ ಪತ್ರ ಕೊಟ್ಟು ಸಂಬಳ ಕೊಡಿ. ಬಿಡಿಸುವುದಾದರೆ ಆರು ತಿಂಗಳ ನೋಟೀಸು, ಅವರು ಹಾಕಿದ ಸಾಮಾನಿಗೆ ಬೆಲೆ ಕೊಡಬೇಕು. ಕಮಿಟಿಯವರಿಗೂ ಉದ್ರಿ ಬಂದ್. ಚಾವಣಿ ರಿಪೇರಿಗೆ ದುಡ್ಡು ಬೇಕಾದರೆ ಚಂದಾ ಏರಿಸಿ, ನಾನೂ ಕಟ್ತೀನಿ.

ಬೆಂಗಳೂರಲ್ಲಿ ಮನೆ ಓನರ್ ಬಾಡಿಗೆ ಏರಿಸಿದಾಗ, ಡಿಪಾಜಿಟ್ಟಿನಲ್ಲಿ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡಾಗ ನಾವು ಎಷ್ಟು ಉರಿದುಬೀಳ್ತೀವಿ! ಊರಿನ ಕ್ಲಬ್ಬಿನಲ್ಲಿ ಓನರು ನಾವೇ. ಸಭೆಯ ದಿನ ಅದೇ ಉರಿ ನೆನಪಿರಲಿ. ಬಸ್ಸಿನ ಟಿಕೆಟ್ ಈಗಲೇ ತಗೊಳ್ಳಿ.